ಬಳ್ಳಾರಿಗೆ ಐದು ಸಾಫ್ಟ್ ಕೋರಲ್ (ಮೆತ್ತಗಿನ ಹವಳ) ಬಂದಿವೆ, ಯಾವುದು ಏನು ಅಂತ ಹೇಳ್ತೀರಾ?

ಕೋಟೆಗುಡ್ಡ (ಬಳ್ಳಾರಿ), ಮಾರ್ಚ್ 9, ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ಗಪ್ಪಿ, ಏಂಜಲ್, ಆಸ್ಕರ್ ಸಾಕಿ, ಹೋದ ವರ್ಷ ತಲೆ ಕೆಟ್ಟು ಉಪ್ಪುನೀರಿಗೆ ಇಳಿದವನು ನಾನು. 120 ಲೀಟರ್ ಟ್ಯಾಂಕು, ಎಂಟು ತಿಂಗಳಾಯಿತು. ಎರಡು ಕ್ಲೌನ್ ಮೀನು, ಐದಾರು ಶಂಖದ ಹುಳ ಬಿಟ್ಟರೆ ಬೇರೇನೂ ಇರಲಿಲ್ಲ.

ಈ ವಾರ ಧೈರ್ಯ ಮಾಡಿ ‘ಸಾಫ್ಟ್ ಕೋರಲ್ ಕಾಂಬೋ’ ತರಿಸಿದೆ. ರಾತ್ರಿ ಬಸ್ಸಿಗೆ ಹಾಕಿದ್ದರು, ಬೆಳಿಗ್ಗೆ ಆರಕ್ಕೆ ಥರ್ಮಾಕೋಲ್ ಡಬ್ಬಿ ಕೈಗೆ ಬಂತು. ಯಾವುದರ ಮೇಲೂ ಹೆಸರಿಲ್ಲ. ಫೋನ್ ಮಾಡಿ ಕೇಳಿದರೆ ‘ಎಲ್ಲಾ ಸಾಫ್ಟೇ, ಸುಮ್ನೆ ಕಲ್ಲಿನ ಮೇಲೆ ಇಡಿ’ ಅಂದರು. ಇಟ್ಟೆ. ಈಗ ನಿದ್ದೆ ಬರುತ್ತಿಲ್ಲ.

ಫೋಟೋ ಹಾಕಿದ್ದೇನೆ, ಆದರೆ ನೀಲಿ ಲೈಟಿನಲ್ಲಿ ಎಲ್ಲಾ ಒಂದೇ ಥರ ಕಾಣುತ್ತಿವೆ. ಅದಕ್ಕೆ ಬಾಯಲ್ಲೂ ಹೇಳುತ್ತೇನೆ.

ಒಂದನೆಯದು: ದಪ್ಪ ಕಾಂಡ, ಮೇಲೆ ಅಣಬೆಯ ಟೋಪಿ. ಹಾಲು ಹಾಕಿದ ಚಹಾದ ಬಣ್ಣ. ಬಂದಾಗಿನಿಂದ ಮುದುಡಿಕೊಂಡಿದೆ, ಮೈಮೇಲೆ ಮೇಣ ಬಳಿದ ಹಾಗೆ ಹೊಳಪು.

ಎರಡನೆಯದು: ನೇರಳೆ ಬಣ್ಣದ ರಬ್ಬರ್ ಹಾಳೆ, ಅದರ ಮೇಲೆ ಹಸಿರು ಹುಲ್ಲು. ಕೈ ತಾಗಿದರೆ ಹುಲ್ಲೆಲ್ಲಾ ಒಳಗೆ.

ಮೂರನೆಯದು: ನೆನೆದ ಹಪ್ಪಳದಂಥ ಮೂರು ಬಿಲ್ಲೆ. ಕೆಂಪು ಮಿಶ್ರಿತ ಕಂದು.

ನಾಲ್ಕನೆಯದು: ಗುಂಡಿಗಳ ಗುಂಪು. ನಾನು ಜೀನ್ಸ್ ಕೆಲಸದವನು, ಸರಿಯಾಗಿ ಹೇಳಬೇಕೆಂದರೆ ಪ್ಯಾಂಟಿನ ಗುಂಡಿಯಷ್ಟೇ ಅಗಲ. ಸುತ್ತ ರೆಪ್ಪೆಯಂಥ ಕೂದಲು. ಇಪ್ಪತ್ತೆರಡು ಇವೆ, ಎಣಿಸಿದೆ.

ಐದನೆಯದು: ಬೂದು ಹಸಿರು ಹೂವುಗಳು. ಒಂದೊಂದಕ್ಕೂ ಎಂಟು ಎಸಳು, ಅಂಚು ಹಕ್ಕಿಗರಿಯ ಹಾಗೆ. ಇದೊಂದಕ್ಕೆ ಮಾತ್ರ ಅವರು ‘ಕ್ಲೋವ್ ಪಾಲಿಪ್’ ಅಂತ ಹೆಸರು ಹೇಳಿದ್ದರು.

ಮುನಿರಾಬಾದ್_ಮೀನು (ಕೊಪ್ಪಳ), ಮಾರ್ಚ್ 9, ರಾತ್ರಿ 11:20

ತಮ್ಮಾ, ಮೊದಲು ಮಲಗು. ಹವಳಕ್ಕೂ ರಾತ್ರಿ ಬೇಕು, ಆ ಲೈಟು ಆರಿಸು.

ಎರಡನೆಯದು ನೂರಕ್ಕೆ ನೂರು ಗ್ರೀನ್ ಸ್ಟಾರ್ ಪಾಲಿಪ್, ನಾವೆಲ್ಲಾ ಜಿಎಸ್‌ಪಿ ಅನ್ನುವುದು. ನೇರಳೆ ಹಾಳೆ ಹೇಳಿದೆಯಲ್ಲ, ಅದೇ ಗುರುತು. ಇದು ಸಾಯುವುದಿಲ್ಲ, ಸಾಯಿಸಲೂ ಆಗುವುದಿಲ್ಲ. ನಿಮ್ಮೂರ ಹೆಸರನ್ನೇ ಹೊತ್ತ ಗಿಡ ಇದೆಯಲ್ಲ, ಬಳ್ಳಾರಿ ಜಾಲಿ, ಟ್ಯಾಂಕಿನ ಒಳಗೆ ಇದು ಅದೇ. ದೊಡ್ಡ ಕಲ್ಲಿಗೆ ತಾಗಿಸಬೇಡ. ಮರಳಿನ ಮಧ್ಯೆ ಒಂದು ಸಣ್ಣ ಕಲ್ಲಿನ ಮೇಲೆ ಒಂಟಿಯಾಗಿ ಕೂರಿಸು. ನಾನು ಮೂರು ವರ್ಷದ ಹಿಂದೆ ಹಿಂದಿನ ಗಾಜಿಗೆ ಒಂದು ಚೂರು ಅಂಟಿಸಿದೆ, ಚೆಂದ ಕಾಣಲಿ ಅಂತ. ಈಗ ಗಾಜು ಎಲ್ಲಿದೆ ಅಂತ ನನಗೇ ಗೊತ್ತಿಲ್ಲ.

ಮೂರನೆಯದು ಮಶ್ರೂಮ್ ಅನ್ನುವ ಬಗೆ. ಬಿಲ್ಲೆಯ ಮೇಲ್ಮೈ ನುಣುಪಾಗಿದ್ದರೆ ಡಿಸ್ಕೋಸೋಮಾ, ಸಣ್ಣ ಸಣ್ಣ ಗಂಟು ಅಥವಾ ಕವಲು ಇದ್ದರೆ ರೋಡ್ಯಾಕ್ಟಿಸ್. ಎರಡಕ್ಕೂ ಬೆಳಕು ಕಡಿಮೆ ಇರಲಿ, ನೀರಿನ ಹರಿವೂ ಕಡಿಮೆ ಇರಲಿ. ಕಲ್ಲಿನ ಸಂದಿಯಲ್ಲಿ, ಕೆಳಗೆ ಇಡು. ಜೋರು ಹರಿವಿಗೆ ಸಿಕ್ಕರೆ ಬುಡ ಬಿಟ್ಟು ತೇಲಿ ಹೋಗುತ್ತದೆ. ನಂತರ ಪಂಪಿನ ಬಾಯಲ್ಲಿ ಹುಡುಕಬೇಕು.

ಒಂದನೆಯದರ ಬಗ್ಗೆ ನಾಳೆ. ಹೆದರಬೇಡ, ಅದು ಸತ್ತಿಲ್ಲ.

ಗಂಗಾವತಿ_ಅಕ್ಕ (ಕೊಪ್ಪಳ), ಮಾರ್ಚ್ 10, ಬೆಳಿಗ್ಗೆ 6:15

ನಾಲ್ಕನೆಯದನ್ನು ಬರಿಗೈಯಲ್ಲಿ ಎತ್ತಿ ಇಟ್ಟಿರಾ? ಮೊದಲು ಅದಕ್ಕೆ ಉತ್ತರ ಕೊಡಿ.

ಕೋಟೆಗುಡ್ಡ, ಮಾರ್ಚ್ 10, ಬೆಳಿಗ್ಗೆ 6:40

ಹೌದು ಅಕ್ಕಾ. ಬರಿಗೈ. ಯಾಕೆ?

ಗಂಗಾವತಿ_ಅಕ್ಕ, ಮಾರ್ಚ್ 10, ಬೆಳಿಗ್ಗೆ 6:58

ಕೈಯಲ್ಲಿ ಗಾಯ ಇತ್ತಾ? ಕಣ್ಣು ಉಜ್ಜಿಕೊಂಡಿರಾ? ಇಲ್ಲದಿದ್ದರೆ ಈ ಸಲ ಬಚಾವಾದಿರಿ. ಸೋಪು ಹಾಕಿ ಕೈ ತೊಳೆಯಿರಿ, ಇನ್ನು ಮುಂದೆ ಕೈಗವಸು ಇಲ್ಲದೆ ಟ್ಯಾಂಕಿಗೆ ಕೈ ಹಾಕಬೇಡಿ.

ಅದು ಜೋಯಾಂತಿಡ್. ಜೋಯಾ, ಪಾಲಿ ಅಂತ ಮಾರುತ್ತಾರೆ. ಅದರಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಅನ್ನುವ ವಿಷ ಇರುತ್ತದೆ. ಗೊತ್ತಿರುವ ವಿಷಗಳಲ್ಲೇ ಬಹಳ ತೀಕ್ಷ್ಣವಾದದ್ದು. 1971ರಲ್ಲಿ ಹವಾಯಿಯ ಒಂದು ಪ್ಯಾಲಿಥೋವಾದಿಂದ (‘ಪಾಲಿ’ ಅನ್ನುವುದು ಇದನ್ನೇ) ಅದನ್ನು ಮೊದಲು ಬೇರ್ಪಡಿಸಿದರು. ಅಲ್ಲಿನ ಜನ ಹಿಂದೆ ಈಟಿಯ ತುದಿಗೆ ಹಚ್ಚುತ್ತಿದ್ದ ‘ಪಾಚಿ’ ಇದೇ ಅಂತ ಆಗ ತಿಳಿಯಿತು.

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಆದರೂ ನನಗೇ ಬುದ್ಧಿ ಇರಲಿಲ್ಲ. ಎರಡು ವರ್ಷದ ಹಿಂದೆ ಒಂದು ಗುಂಪನ್ನು ಎರಡು ಮಾಡೋಣ ಅಂತ ಬ್ಲೇಡಿನಿಂದ ಕತ್ತರಿಸಿದೆ. ಒಂದು ಗುಂಡಿ ಪಿಚಕ್ ಅಂತ ನೀರು ಚಿಮ್ಮಿಸಿತು, ನೇರ ಎಡಗಣ್ಣಿಗೆ. ತಕ್ಷಣ ನಲ್ಲಿಯ ಕೆಳಗೆ ಕಣ್ಣಿಟ್ಟು ಇಪ್ಪತ್ತು ನಿಮಿಷ ತೊಳೆದೆ. ಆದರೂ ನಾಲ್ಕು ದಿನ ಕಣ್ಣು ಕೆಂಪು, ಬೆಳಕು ನೋಡಲು ಆಗುತ್ತಿರಲಿಲ್ಲ. ಕಣ್ಣಿನ ಡಾಕ್ಟರಿಗೆ ‘ಹವಳ ಉಗುಳಿತು’ ಅಂತ ಹೇಳಿದಾಗ ಅವರು ನನ್ನ ಮುಖ ನೋಡಿದ್ದು ಇವತ್ತಿಗೂ ನೆನಪಿದೆ.

ಎಲ್ಲಕ್ಕಿಂತ ಅಪಾಯದ ಕೆಲಸ ಅಂದರೆ ಜೋಯಾ ಅಂಟಿದ ಕಲ್ಲನ್ನು ಕುದಿಸುವುದು, ಬಿಸಿ ನೀರು ಸುರಿದು ತೊಳೆಯುವುದು, ಹೊರಗಿಟ್ಟು ಬ್ರಷ್‌ನಿಂದ ಉಜ್ಜುವುದು. ಹಬೆಯಲ್ಲಿ, ತುಂತುರಿನಲ್ಲಿ ವಿಷ ಗಾಳಿಗೆ ಬರುತ್ತದೆ. ಹೀಗೆ ಕಲ್ಲು ತೊಳೆದು ಮನೆಮಂದಿಯೆಲ್ಲಾ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ವರದಿಯಾಗಿವೆ. ಬಾಯಲ್ಲಿ ಕಹಿ ಅಥವಾ ಲೋಹದ ರುಚಿ, ಜ್ವರ, ಚಳಿ, ಕೆಮ್ಮು, ಉಸಿರು ಕಟ್ಟುವುದು, ಮೈಕೈ ನೋವು. ಇಷ್ಟರಲ್ಲಿ ಒಂದು ಕಂಡರೂ ಎಲ್ಲರೂ ಮನೆಯಿಂದ ಹೊರಗೆ ಬಂದು ಸೀದಾ ಆಸ್ಪತ್ರೆಗೆ ಹೋಗಿ, ‘ಪಾಲಿಟಾಕ್ಸಿನ್’ ಅನ್ನುವ ಪದ ಹೇಳಿ. ಕತ್ತರಿಸಿದ ನೀರನ್ನು ಹಾಗೇ ಚೆಲ್ಲಬೇಡಿ. ಬ್ಲೀಚ್ ಬೆರೆಸಿ ಅರ್ಧ ಗಂಟೆ ಬಿಟ್ಟು ಚೆಲ್ಲಿ.

ಹೆದರಿಸಲು ಹೇಳುತ್ತಿಲ್ಲ. ನನ್ನ ಟ್ಯಾಂಕಿನಲ್ಲಿ ಇವತ್ತಿಗೂ ಜೋಯಾ ಇದೆ, ನೋಡಲು ರಂಗೋಲಿ ಇದ್ದ ಹಾಗಿದೆ. ಕನ್ನಡಕ, ಕೈಗವಸು ಹಾಕಿಕೊಂಡು ಮುಟ್ಟುತ್ತೇನೆ, ಅಷ್ಟೇ.

ಬಿಸಿಲೂರು_ರಾಯಚೂರು, ಮಾರ್ಚ್ 10, ಬೆಳಿಗ್ಗೆ 9:05

ಅಕ್ಕಾ, ನನ್ನ ಹೆಂಡತಿ ಇದನ್ನು ಓದಿದರೆ ಟ್ಯಾಂಕು ಸಮೇತ ನನ್ನನ್ನೂ ಹೊರಗೆ ಹಾಕುತ್ತಾಳೆ.

ಒಂದು ಸಂಶಯ. ಜೋಯಾಂತಸ್ ಮತ್ತು ಪ್ಯಾಲಿಥೋವಾ ಬೇರೆ ಬೇರೆ ಅಂತಾರಲ್ಲ, ಬಣ್ಣ ಜಾಸ್ತಿ ಇದ್ದರೆ ವಿಷ ಇಲ್ಲವಂತೆ. ನಿಜವಾ?

ಲ್ಯಾಬ್_ಮೇಷ್ಟ್ರು (ರಾಯಚೂರು), ಮಾರ್ಚ್ 10, ಮಧ್ಯಾಹ್ನ 1:30

ಬೇರೆ ಬೇರೆ ಹೌದು. ಬಣ್ಣ ನೋಡಿ ವಿಷ ಹೇಳುವುದು ಸುಳ್ಳು.

ಪ್ಯಾಲಿಥೋವಾ ಮರಳಿನ ಕಣಗಳನ್ನು ತನ್ನ ಮೈಯೊಳಗೆ ಸೇರಿಸಿಕೊಳ್ಳುತ್ತದೆ. ಅದಕ್ಕೇ ಅದರ ಬುಡ ಒರಟಾಗಿ, ಮಣ್ಣು ಮೆತ್ತಿದ ಹಾಗೆ ಕಾಣುತ್ತದೆ. ಜೋಯಾಂತಸ್ ಹಾಗೆ ಮಾಡುವುದಿಲ್ಲ, ಬುಡ ನುಣುಪು. ಸಾಮಾನ್ಯವಾಗಿ ಪ್ಯಾಲಿಥೋವಾ ಕಂದು, ದೊಡ್ಡದು, ವಿಷವೂ ಜಾಸ್ತಿ. ಆದರೆ ‘ಸಾಮಾನ್ಯವಾಗಿ’ ಅನ್ನುವ ಮಾತಿನ ಮೇಲೆ ಕಣ್ಣು ಒತ್ತೆ ಇಡಬೇಡಿ. ಎಲ್ಲವನ್ನೂ ವಿಷದ್ದು ಅಂತಲೇ ತಿಳಿದು ಮುಟ್ಟಿ. ಒರಟೋ ನುಣುಪೋ ಅಂತ ಬೆರಳಿನಿಂದ ಸವರಿ ನೋಡುವುದೂ ಬೇಡ, ಭೂತಗನ್ನಡಿ ಸಾಕು.

ಇನ್ನೊಂದು. ಮಶ್ರೂಮ್ ಮತ್ತು ಜೋಯಾ ನಿಜವಾದ ಸಾಫ್ಟ್ ಕೋರಲ್‌ಗಳಲ್ಲ. ನಿಜವಾದ ಮೃದು ಹವಳದ ಪ್ರತಿ ಪಾಲಿಪ್‌ಗೂ, ಅಂದರೆ ಹೂವಿನಂಥ ಒಂದೊಂದು ಪುಟ್ಟ ಜೀವಿಗೂ, ಎಂಟು ಎಸಳು, ಅಂಚಿನಲ್ಲಿ ಗರಿ. ಎಣಿಸಿದರೆ ಎಂಟು. ಅಷ್ಟಪಾದಿಯ ಎಂಟೇ ಇಲ್ಲಿಯೂ, ಆ ಗುಂಪಿನ ಹೆಸರೇ ಆಕ್ಟೋಕೋರಲ್. ಮಶ್ರೂಮ್, ಜೋಯಾ ಎರಡೂ ಗಟ್ಟಿ ಹವಳ ಮತ್ತು ಸಮುದ್ರ ಹೂವಿನ (ಸೀ ಅನಿಮೋನ್) ಕಡೆಯ ನೆಂಟರು. ಮೈ ಮೆತ್ತಗಿದೆ ಅಂತ ಅಂಗಡಿಯವರು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ.

ಹಾಗಾಗಿ ಕೋಟೆಗುಡ್ಡ ಅವರೇ, ನಿಮ್ಮ ಒಂದು, ಎರಡು, ಐದನೆಯವು ಮಾತ್ರ ಎಂಟರ ಗುಂಪು. ಆ ಐದನೆಯದರ ಬುಡ ಹೇಗಿದೆ? ಹೂವಿನ ಫೋಟೋ ನೋಡಿದೆ, ಸಾಲದು. ಬಿಳಿ ಲೈಟು ಹಾಕಿ, ಪಕ್ಕದಿಂದ ಬುಡದ ಫೋಟೋ ತೆಗೆಯಿರಿ.

ಸುಮ್ನೆ_ನೋಡೋನು, ಮಾರ್ಚ್ 10, ಸಂಜೆ 5:12

ಕುಡಿಯೋಕೆ ನೀರಿಗೆ ಕ್ಯೂ ನಿಲ್ಲುವ ಊರಿನಲ್ಲಿ ಸಮುದ್ರ ಸಾಕುತ್ತೀರಲ್ಲಾ, ನಿಮಗೆಲ್ಲಾ ಏನು ಹೇಳಬೇಕು? ಅಡುಗೆ ಉಪ್ಪು ಹಾಕಿದರೆ ಆಗುವುದಿಲ್ಲವಾ? ಇಲ್ಲಾ ಗೋವಾ ರೈಲು ಬಳ್ಳಾರಿ ಮೇಲೇ ಹೋಗುತ್ತದೆ, ಕ್ಯಾನಿನಲ್ಲಿ ನೀರು ತನ್ನಿ.

ಮುನಿರಾಬಾದ್_ಮೀನು, ಮಾರ್ಚ್ 10, ರಾತ್ರಿ 8:40

ಅಣ್ಣಾ, ಬೈದರೂ ಪ್ರಶ್ನೆ ಒಳ್ಳೆಯದೇ ಕೇಳಿದ್ದೀರಿ. ಅಡುಗೆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಬಿಟ್ಟರೆ ಹೆಚ್ಚೇನೂ ಇಲ್ಲ. ಸಮುದ್ರದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲಾ ಇರಬೇಕು. ಅದಕ್ಕೆ ರೀಫ್ ಸಾಲ್ಟ್ ಅಂತಲೇ ಪೊಟ್ಟಣ ಬರುತ್ತದೆ. ದಡದ ನೀರಿನಲ್ಲಿ ದೋಣಿಯ ಎಣ್ಣೆ, ಊರ ಕೊಳೆ, ಮಳೆಗಾಲದಲ್ಲಿ ಹೊಳೆಯ ನೀರು ಬೆರೆತಿರುತ್ತದೆ. ನಾನು ಒಮ್ಮೆ ಕಾರವಾರದಿಂದ ತಂದು ನೋಡಿದ್ದೇನೆ. ಮೂರನೇ ದಿನಕ್ಕೆ ಮನೆಯೆಲ್ಲಾ ಮೀನು ಸಂತೆ.

ನಮ್ಮ ಕಡೆಯ ಅಸಲಿ ತಲೆನೋವು ಉಪ್ಪಲ್ಲ, ನೀರು. ನನ್ನ ಮನೆಯ ಮಾಳಿಗೆಯಿಂದ ತುಂಗಭದ್ರಾ ಡ್ಯಾಮು ಕಾಣುತ್ತದೆ. ಕಣ್ಣೆದುರು ಅಷ್ಟು ನೀರಿದ್ದರೂ ಟ್ಯಾಂಕಿಗೆ ಒಂದು ಹನಿ ನೇರ ಹಾಕುವ ಹಾಗಿಲ್ಲ. ಬೋರ್ ನೀರು ಇನ್ನೂ ಕೆಟ್ಟದ್ದು. ಫ್ಲೋರೈಡ್, ನೈಟ್ರೇಟ್, ಸುಣ್ಣ. ನಮ್ಮ ಓಣಿಯ ಬೋರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 1,150. ತಮ್ಮಾ, ನೀನು ಯಾವ ನೀರು ಹಾಕುತ್ತೀ?

ಕೋಟೆಗುಡ್ಡ, ಮಾರ್ಚ್ 10, ರಾತ್ರಿ 9:30

ಓಣಿಯ ಶುದ್ಧ ಕುಡಿಯುವ ನೀರಿನ ಘಟಕದ್ದು ಅಣ್ಣಾ. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಅದೂ ಆರ್‌ಓನೇ ಅಲ್ವಾ?

ಮುನಿರಾಬಾದ್_ಮೀನು, ಮಾರ್ಚ್ 10, ರಾತ್ರಿ 9:55

ಆರ್‌ಓ ಹೌದು, ಆದರೆ ಕುಡಿಯುವವರಿಗಾಗಿ ಮಾಡಿದ್ದು. ನಾಲಿಗೆಗೆ ರುಚಿ ಬೇಕಲ್ಲ, ಟಿಡಿಎಸ್ ಐವತ್ತು ನೂರು ಬಿಟ್ಟಿರುತ್ತಾರೆ. ಮೆಂಬ್ರೇನ್ ಹಳೆಯದಾದರೆ ಇನ್ನೂ ಜಾಸ್ತಿ. ಆ ಉಳಿಕೆಯಲ್ಲಿ ಏನಿದೆ ಅಂತ ಮೀಟರ್ ಹೇಳುವುದಿಲ್ಲ, ಪಾಚಿ ಹೇಳುತ್ತದೆ. ಆ ನೀರನ್ನೇ ತಂದು ಮನೆಯಲ್ಲಿ ಒಂದು ಡಿಐ ರೆಸಿನ್ (ಉಳಿದ ಲವಣ ಹೀರುವ ಕಾಳು) ಕೊಳವೆಯಲ್ಲಿ ಹಾಯಿಸು. ಹೊರಗೆ ಬರುವಾಗ ಮೀಟರ್ ಸೊನ್ನೆ ತೋರಿಸಬೇಕು. ಬೋರ್ ನೀರಿಗೇ ನೇರ ರೆಸಿನ್ ಹಾಕಿದರೆ ವಾರಕ್ಕೊಂದು ಕೊಳವೆ ಬೇಕು, ದಿವಾಳಿ ಆಗುತ್ತೀ. ಘಟಕದ ನೀರಿಗೆ ಹಾಕಿದರೆ ತಿಂಗಳುಗಟ್ಟಲೆ ಬರುತ್ತದೆ. ಈ ಜುಗಾಡ್ ನಮ್ಮ ಮೂರು ಜಿಲ್ಲೆಗೆ ಹೇಳಿ ಮಾಡಿಸಿದ್ದು.

ಸ್ಯಾಲಿನಿಟಿ (ಉಪ್ಪಿನ ಅಂಶ) 35 ಪಿಪಿಟಿ, ಸಾವಿರಕ್ಕೆ 35 ಪಾಲು, ಇಡು, ಅಂದರೆ ಸ್ಪೆಸಿಫಿಕ್ ಗ್ರಾವಿಟಿ ಸುಮಾರು 1.026. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು 35ರ ದ್ರಾವಣದಿಂದಲೇ ಸರಿಮಾಡು.

ಈಗ ಒಂದನೆಯದಕ್ಕೆ ಬರುತ್ತೇನೆ. ಅದು ಟೋಡ್‌ಸ್ಟೂಲ್ ಲೆದರ್, ಸಾರ್ಕೋಫೈಟಾನ್. ಮೇಣದ ಹೊಳಪು ಅಂದೆಯಲ್ಲ, ಅದು ಪೊರೆ ಬಿಡುತ್ತಿದೆ, ಹಾವಿನ ಹಾಗೆ. ಮೈಮೇಲೆ ಕೂತ ಪಾಚಿ, ಕಸವನ್ನು ಆ ಪೊರೆಯ ಜೊತೆ ತಳ್ಳಿ ಹಾಕುತ್ತದೆ. ಎರಡು ದಿನ ಆಗಬಹುದು, ಎರಡು ವಾರವೂ ಆಗಬಹುದು. ಬೆರಳು ಹಾಕಿ ಸುಲಿಯಬೇಡ. ವೇವ್‌ಮೇಕರ್ (ಅಲೆ ಎಬ್ಬಿಸುವ ಪಂಪು) ಸ್ವಲ್ಪ ತಿರುಗಿಸಿ ಹರಿವು ಅದರ ಮೇಲೆ ಅಡ್ಡಡ್ಡ ಹಾಯುವ ಹಾಗೆ ಮಾಡು, ನೇರ ಹೊಡೆಯಬಾರದು. ಪೊರೆ ತಾನೇ ಹಾರಿ ಹೋಗುತ್ತದೆ. ಕೆಟ್ಟ ವಾಸನೆ ಬಂದು, ಕಂದು ಲೋಳೆಯಾಗಿ ಕರಗಲು ಶುರುವಾದರೆ ಮಾತ್ರ ಚಿಂತೆ. ಆಗ ಕೊಳೆತ ಭಾಗವನ್ನು ಒಳ್ಳೆಯ ಮಾಂಸದವರೆಗೆ ಕತ್ತರಿಸಿ ತೆಗೆಯಬೇಕು.

ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇದೆಯಾ? ಇಲ್ಲದಿದ್ದರೆ ನಾಳೆಯೇ ಹಾಕು. ಲೆದರ್‌ಗಳು ಓಡಲಾರವು, ಕಚ್ಚಲಾರವು. ಅದಕ್ಕೆ ನೀರಿಗೆ ರಾಸಾಯನಿಕ ಬಿಟ್ಟು ಪಕ್ಕದವರನ್ನು ತುಳಿಯುತ್ತವೆ. ಸಣ್ಣ ಟ್ಯಾಂಕಿನಲ್ಲಿ ಅದು ಬೇಗ ತುಂಬುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಕಾರ್ಬನ್ ಬದಲಿಸು.

ಲ್ಯಾಬ್_ಮೇಷ್ಟ್ರು, ಮಾರ್ಚ್ 11, ಬೆಳಿಗ್ಗೆ 7:45

ಮುನಿರಾಬಾದಿನವರ ಮಾತಿಗೆ ಒಂದು ಸೇರಿಕೆ. ಲೆದರ್ ಅಂತ ಮಾರುವುದರಲ್ಲಿ ಮೂರು ಕುಲ ಜಾಸ್ತಿ ಸಿಗುತ್ತವೆ: ಸಾರ್ಕೋಫೈಟಾನ್, ಲೋಬೋಫೈಟಮ್, ಸಿನುಲೇರಿಯಾ. ಮೊದಲ ಎರಡರಲ್ಲಿ ಪಾಲಿಪ್ ಎರಡು ಬಗೆ. ಉದ್ದಕ್ಕೆ ಎದ್ದು ಊಟ ಮಾಡುವವು ಒಂದು, ಚುಕ್ಕಿಯಂತೆ ಕೂತು ನೀರು ಒಳಗೆ ಎಳೆಯುವವು ಇನ್ನೊಂದು. ಸಿನುಲೇರಿಯಾದಲ್ಲಿ ಒಂದೇ ಬಗೆ. ಭೂತಗನ್ನಡಿಯಲ್ಲಿ ಪಾಲಿಪ್‌ಗಳ ಮಧ್ಯೆ ಸೂಜಿ ಚುಚ್ಚಿದಂಥ ಚುಕ್ಕಿ ಕಂಡರೆ ಸಿನುಲೇರಿಯಾ ಅಲ್ಲ. ಟೋಪಿ ಮಡಿಕೆ ಮಡಿಕೆ ಇದ್ದರೆ ಸಾರ್ಕೋಫೈಟಾನ್. ಬೆರಳಿನಂತೆ, ಏಣಿನಂತೆ ಎದ್ದಿದ್ದರೆ ಲೋಬೋಫೈಟಮ್.

ಇದಕ್ಕಿಂತ ಮುಂದೆ ಹೋಗಿ ಜಾತಿ ಹೇಳಬೇಕೆಂದರೆ ಸ್ಕ್ಲೆರೈಟ್ ನೋಡಬೇಕು. ಮೃದು ಹವಳದ ಮೈಯೊಳಗೆ ಸುಣ್ಣದ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಅಕ್ಕಿಕಾಳಿನ ಅರ್ಧದಷ್ಟು ಚೂರು ಕತ್ತರಿಸಿ ಬ್ಲೀಚಿನಲ್ಲಿ ಹಾಕಿದರೆ ಮಾಂಸ ಕರಗಿ ಮುಳ್ಳು ಉಳಿಯುತ್ತದೆ. ಮೈಕ್ರೋಸ್ಕೋಪಿನ ಕೆಳಗೆ ಅದರ ಆಕಾರ ನೋಡಿ ಹೇಳುತ್ತಾರೆ. ಆಕಾರವೋ, ದೇವರೇ, ಗದೆ, ಕದಿರು, ಡಂಬೆಲ್ ಎಲ್ಲಾ ಇವೆ. ನಮ್ಮ ವಿದ್ಯಾರ್ಥಿಗಳಿಗೆ ಒಮ್ಮೆ ತೋರಿಸಿದೆ, ಊಟದ ಬೆಲ್ ಹೊಡೆದರೂ ಏಳಲಿಲ್ಲ. ಇದನ್ನು ಲೆದರ್‌ಗೆ ಮಾತ್ರ ಮಾಡಿ.

ಐದನೆಯದರ ಬುಡದ ಫೋಟೋ ಇನ್ನೂ ಬಂದಿಲ್ಲ.

ಕೋಟೆಗುಡ್ಡ, ಮಾರ್ಚ್ 11, ರಾತ್ರಿ 10:10

ಮೇಷ್ಟ್ರೇ, ಈಗ ತೆಗೆದೆ. ಪಾಲಿಪ್‌ಗಳೆಲ್ಲಾ ಒಳಗೆ ಹೋಗುವವರೆಗೆ ಕಾದೆ. ಕೆಳಗೆ ಕುಂಕುಮದ ಬಣ್ಣದ ಸಣ್ಣ ಸಣ್ಣ ಕೊಳವೆಗಳು. ಒಂದರ ಪಕ್ಕ ಒಂದು, ನಿಂತ ಹಾಗೆ. ಚಿಮಟದಿಂದ ತಟ್ಟಿದರೆ ಟಕ್ ಅನ್ನುತ್ತದೆ. ಇದು ಮೆತ್ತಗಿಲ್ಲವಲ್ಲಾ?

ಲ್ಯಾಬ್_ಮೇಷ್ಟ್ರು, ಮಾರ್ಚ್ 11, ರಾತ್ರಿ 10:35

ನಾನು ಹೆದರಿದ್ದೇ ಆಯಿತು. ಅದು ಕ್ಲೋವ್ ಪಾಲಿಪ್ ಅಲ್ಲ. ಆರ್ಗನ್ ಪೈಪ್ ಕೋರಲ್, ಟ್ಯುಬಿಪೋರಾ ಮ್ಯೂಸಿಕಾ. 1758ರಲ್ಲಿ ಲಿನೀಯಸ್ ಇಟ್ಟ ಹೆಸರು. ಚರ್ಚಿನ ಆರ್ಗನ್ ವಾದ್ಯದ ಕೊಳವೆ ಸಾಲಿನ ಹಾಗಿದೆ ಅಂತ.

ಮೇಲಿನಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎಂಟು ಎಸಳು, ಗರಿ, ಎಲ್ಲಾ ಕ್ಲೋವ್ ಪಾಲಿಪಿನದೇ. ವಂಶದಲ್ಲಿ ಇದೂ ಆಕ್ಟೋಕೋರಲ್ಲೇ. ಆದರೆ ಇದರ ಮುಳ್ಳುಗಳು ಬೆಸೆದುಕೊಂಡು ಗಟ್ಟಿ ಕೊಳವೆಯಾಗಿವೆ. ಕ್ಲೋವ್ ಪಾಲಿಪಿನ ಬುಡ ಮೆತ್ತಗಿನ ಬೇರಿನಂಥ ಬಳ್ಳಿ, ಜಿಎಸ್‌ಪಿಯದು ರಬ್ಬರ್ ಹಾಳೆ, ಇದರದು ಕೆಂಪು ಕೊಳವೆ. ಹೂವು ಮೋಸ ಮಾಡುತ್ತದೆ, ಬುಡ ಮಾಡುವುದಿಲ್ಲ.

ಹೆಸರಿನ ಚರ್ಚೆ ಇಲ್ಲಿಗೆ ಮುಗಿಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಇದರ ಹೆಸರಿದೆ. ಹುಲಿ, ಆನೆ ಇರುವ ಪಟ್ಟಿ. 2001ರಲ್ಲಿ ಹವಳಗಳನ್ನು ಅದಕ್ಕೆ ಸೇರಿಸಿದರು: ರೀಫ್ (ಹವಳದ ದಿಬ್ಬ) ಕಟ್ಟುವ ಎಲ್ಲಾ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ ಅನ್ನುವ ಗಾರ್ಗೋನಿಯನ್‌ಗಳು, ಮತ್ತು ಈ ಆರ್ಗನ್ ಪೈಪ್. 2022ರ ತಿದ್ದುಪಡಿಯ ನಂತರವೂ ಅವು ಅಲ್ಲೇ ಇವೆ. ಹಿಡಿಯುವುದು, ಮಾರುವುದು, ಇಟ್ಟುಕೊಳ್ಳುವುದು ಯಾವುದೂ ಆಟದ ಮಾತಲ್ಲ.

ಬಿಸಿಲೂರು_ರಾಯಚೂರು, ಮಾರ್ಚ್ 11, ರಾತ್ರಿ 10:50

ಅಯ್ಯೋ. ಹ್ಯಾಮರ್, ಟಾರ್ಚ್ ಅಂತ ಬಳುಕುವ ಹವಳಗಳನ್ನೂ ಸಾಫ್ಟ್ ಅಂತಲೇ ಮಾರುತ್ತಾರಲ್ಲಾ ಮೇಷ್ಟ್ರೇ? ನೋಡಲು ಬಹಳ ಮೆತ್ತಗೆ.

ಲ್ಯಾಬ್_ಮೇಷ್ಟ್ರು, ಮಾರ್ಚ್ 11, ರಾತ್ರಿ 11:02

ಅವೂ ಗಟ್ಟಿ ಹವಳವೇ, ಬುಡದಲ್ಲಿ ಸುಣ್ಣದ ಎಲುಬು ಇದೆ. ಅದೇ ಪಟ್ಟಿ. ಅಲಂಕಾರಕ್ಕೆ ಅಂತ ಮಾರುವ ಸತ್ತ ಹವಳದ ಬಿಳಿ ಕಲ್ಲಿಗೂ ಇದೇ ಕಾನೂನು. ಟ್ಯಾಂಕಿಗೆ ಸೆರಾಮಿಕ್ ಅಥವಾ ಸಿಮೆಂಟಿನ ಕಲ್ಲು ಸಾಕು.

ಕೋಟೆಗುಡ್ಡ, ಮಾರ್ಚ್ 11, ರಾತ್ರಿ 11:15

ಈಗ ಏನು ಮಾಡಲಿ? ಅಂಗಡಿಗೆ ವಾಪಸ್ ಕಳಿಸಲಾ? ಸಮುದ್ರಕ್ಕೆ ಬಿಡಲಾ? ಸುಮ್ನೆ ಇಟ್ಟುಕೊಂಡರೆ ಯಾರಿಗೆ ಗೊತ್ತಾಗುತ್ತದೆ ಅಂತಾನೆ ನನ್ನ ತಮ್ಮ.

ಗಂಗಾವತಿ_ಅಕ್ಕ, ಮಾರ್ಚ್ 12, ಬೆಳಿಗ್ಗೆ 6:05

ವಾಪಸ್ ಕಳಿಸಿದರೆ ನಾಳೆ ಇನ್ನೊಬ್ಬರಿಗೆ ಮಾರುತ್ತಾರೆ. ಸಮುದ್ರಕ್ಕೆ ಬಿಟ್ಟರೆ ಟ್ಯಾಂಕಿನ ರೋಗ, ಹುಳ ಎಲ್ಲಾ ಅಲ್ಲಿಗೆ ಹೋಗುತ್ತದೆ. ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ ಬರೆದು ಕೊಡಿ. ದುಡ್ಡು ಕೊಟ್ಟ ರಸೀದಿ, ಡಬ್ಬಿಯ ಫೋಟೋ, ಮೆಸೇಜು ಎಲ್ಲಾ ಇಟ್ಟುಕೊಳ್ಳಿ. ಸಾಧ್ಯವಾದರೆ ಮೊದಲು ಒಬ್ಬ ವಕೀಲರನ್ನು ಕೇಳಿ. ತಮ್ಮನಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿ.

ಅಂಗಡಿಯ ಹೆಸರು ಇಲ್ಲಿ ಬರೆಯಬೇಡಿ. ಹೇಳಬೇಕಾದ ಕಡೆ ಹೇಳಿ.

ಸುಮ್ನೆ_ನೋಡೋನು, ಮಾರ್ಚ್ 12, ಬೆಳಿಗ್ಗೆ 10:20

ಮೊನ್ನೆ ತಮಾಷೆ ಮಾಡಿದೆ. ಇವತ್ತು ಪೂರ್ತಿ ಓದಿದೆ. ಕಾಡಿಲ್ಲದ ನಮ್ಮೂರಲ್ಲಿ ಕುಳಿತು ಕಡಲಿನ ಕಾನೂನು ಕಲಿತಂತಾಯಿತು. ನಮ್ಮ ರಾಜ್ಯದಲ್ಲಿ ಹವಳ ಇದೆಯಾ, ನೋಡಲು ಸಿಗುತ್ತದಾ?

ಲ್ಯಾಬ್_ಮೇಷ್ಟ್ರು, ಮಾರ್ಚ್ 12, ಮಧ್ಯಾಹ್ನ 1:15

ಮುರ್ಡೇಶ್ವರದ ಎದುರಿಗೆ ನೇತ್ರಾಣಿ ದ್ವೀಪ ಇದೆ. ದೋಣಿಯಲ್ಲಿ ಕರೆದುಕೊಂಡು ಹೋಗಿ ನೀರಿಗಿಳಿಸುತ್ತಾರೆ. ನೋಡಿ ಬನ್ನಿ, ತರಬೇಡಿ.

ಕೋಟೆಗುಡ್ಡ, ಏಪ್ರಿಲ್ 14, ರಾತ್ರಿ 9:48

ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಐದನೆಯದನ್ನು ಬರವಣಿಗೆಯಲ್ಲಿ ಒಪ್ಪಿಸಿ ಬಂದೆ. ಅದರ ಬಗ್ಗೆ ಇಷ್ಟು ಸಾಕು.

ಟೋಡ್‌ಸ್ಟೂಲ್ ಹನ್ನೊಂದನೇ ದಿನ ಪೊರೆ ಬಿಟ್ಟಿತು. ಬೆಳಿಗ್ಗೆ ಎದ್ದು ನೋಡಿದರೆ ಪ್ಲಾಸ್ಟಿಕ್ ಹಾಳೆಯ ಹಾಗೆ ತೇಲುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಟೋಪಿಯ ತುಂಬಾ ಪಾಲಿಪ್. ಅಮ್ಮ ನೋಡಿ ‘ಸಜ್ಜೆ ತೆನೆ ಬಿಟ್ಟ ಹಾಗಿದೆ’ ಅಂದಳು. ನೀರಿನ ಲೆಕ್ಕವೂ ಸರಿಯಾಯಿತು, ಡಿಐ ಕೊಳವೆ ಹಾಕಿದ ಮೇಲೆ ಗಾಜಿನ ಕಂದು ಪಾಚಿ ಅರ್ಧ ಇಳಿಯಿತು.

ಆದರೆ ಎರಡು ಸಮಸ್ಯೆ. ಜೋಯಾ ಗುಂಡಿಗಳು ಅರ್ಧ ಮುಚ್ಚಿಯೇ ಇರುತ್ತವೆ. ಟೆಸ್ಟ್ ಮಾಡಿದರೆ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ನೀರು ಇಷ್ಟು ಶುದ್ಧ ಇದ್ದರೂ ಯಾಕೆ? ಇನ್ನೊಂದು, ನಿನ್ನೆ ಮಧ್ಯಾಹ್ನ ನೀರು 30.5 ಡಿಗ್ರಿ. ಹೊರಗೆ 40 ದಾಟಿದೆ. ನೀರು ತಣಿಸುವ ಚಿಲ್ಲರ್‌ಗೆ ದುಡ್ಡಿಲ್ಲ.

ಗಂಗಾವತಿ_ಅಕ್ಕ, ಏಪ್ರಿಲ್ 15, ಬೆಳಿಗ್ಗೆ 6:20

ಶುದ್ಧ ಇರುವುದೇ ತೊಂದರೆ. ಉಪವಾಸ ಕೆಡವಿದ್ದೀರಿ. ಇವುಗಳ ಮೈಯೊಳಗೆ ಸಣ್ಣ ಪಾಚಿಗಳು ಬಾಡಿಗೆಗಿವೆ. ಬೆಳಕಿನಿಂದ ಅಡುಗೆ ಮಾಡಿ ಹವಳಕ್ಕೆ ಬಡಿಸುವುದು ಅವು. ಆ ಪಾಚಿಗೂ ಸ್ವಲ್ಪ ಗೊಬ್ಬರ ಬೇಕಲ್ಲ. ನೈಟ್ರೇಟ್ 5ರಿಂದ 15 ಪಿಪಿಎಂ, ಫಾಸ್ಫೇಟ್ 0.03ರಿಂದ 0.1ರವರೆಗೆ ಇದ್ದರೆ ಸಾಫ್ಟ್‌ಗಳು ಅರಳುತ್ತವೆ. ಮೀನಿಗೆ ಒಂದು ಹೊತ್ತು ಜಾಸ್ತಿ ಹಾಕಿ, ಸ್ಕಿಮ್ಮರ್ (ನೊರೆಯ ಜೊತೆ ಕೊಳೆ ತೆಗೆಯುವ ಯಂತ್ರ) ಇದ್ದರೆ ರಾತ್ರಿ ಮಾತ್ರ ಓಡಿಸಿ, ಫಾಸ್ಫೇಟ್ ಹೀರುವ ಪುಡಿ ಹಾಕಿದ್ದರೆ ತೆಗೆಯಿರಿ. ಬಾಟಲಿ ಬಾಟಲಿ ಹವಳದ ಆಹಾರ ಸುರಿಯುವುದು ಬೇಡ. ಕ್ಯಾಲ್ಸಿಯಂ 400ರ ಮೇಲೆ, ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) 8ರಿಂದ 9 ಡಿಕೆಎಚ್ ಇದ್ದರೆ ಸಾಫ್ಟ್‌ಗೆ ಧಾರಾಳ. ವಾರಕ್ಕೆ ಹತ್ತು ಲೀಟರ್ ನೀರು ಬದಲಿಸಿದರೆ ಬೇರೆ ಡೋಸಿಂಗ್ ಬೇಡ.

ಬಿಸಿಲೂರು_ರಾಯಚೂರು, ಏಪ್ರಿಲ್ 15, ಬೆಳಿಗ್ಗೆ 11:40

ಬಿಸಿಲಿನ ವಿಷಯ ಬಂತಾ? ಇದಕ್ಕೆ ನಾನೇ ಬೇಕು.

ಚಿಲ್ಲರ್ ಬೇಡ ತಮ್ಮಾ. ಎರಡು ಸಣ್ಣ ಫ್ಯಾನ್ ತಗೊಂಡು ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವ ಹಾಗೆ ಕಟ್ಟು. ನೀರು ಆವಿಯಾಗುವಾಗ ಶಾಖ ಎತ್ತಿಕೊಂಡು ಹೋಗುತ್ತದೆ, ಮಡಕೆಯ ನೀರು ತಣ್ಣಗಾಗುವ ಲೆಕ್ಕ. ಮಂಗಳೂರಿನವರಿಗೆ ಇದು ಅಷ್ಟು ನಡೆಯುವುದಿಲ್ಲ, ಗಾಳಿಯಲ್ಲೇ ನೀರಿದೆ. ನಮ್ಮ ಗಾಳಿ ಒಣಗಿದ ರೊಟ್ಟಿ. ಇಲ್ಲಿ ಫ್ಯಾನ್ ಮೂರು ಡಿಗ್ರಿ ಸಲೀಸಾಗಿ ಇಳಿಸುತ್ತದೆ. ದೇವರು ನಮಗೆ ಕೊಟ್ಟ ಒಂದೇ ಅನುಕೂಲ, ಬಳಸಿಕೋ.

ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನನ್ನ ಟ್ಯಾಂಕೂ 120 ಲೀಟರೇ, ಮೇ ತಿಂಗಳಲ್ಲಿ ದಿನಕ್ಕೆ ನಾಲ್ಕು ಲೀಟರ್ ಹೋಗುತ್ತದೆ. ಒಂದು ದಿನ ಮರೆತರೆ 35 ಇದ್ದದ್ದು 36 ದಾಟಿತು. ಎರಡು ದಿನ ಮರೆತು ಹುಲಿಗಿ ಜಾತ್ರೆಗೆ ಹೋಗಿ ಬಂದೆ, ಝೀನಿಯಾ ಅನ್ನುವ ಸಾಫ್ಟ್ ಕೋರಲ್ ಲೋಳೆಯಾಗಿ ಕುಳಿತಿತ್ತು. ಅಷ್ಟು ಚೆಂದ ಕೈ ಮುಚ್ಚಿ ತೆರೆದು ಮಾಡುತ್ತಿತ್ತು ಪಾಪ. ದಿನಾ ಎರಡು ಹೊತ್ತು ಸಿಹಿನೀರು ಹಾಕು, ಉಪ್ಪುನೀರಲ್ಲ. ದುಡ್ಡಿದ್ದಾಗ ಫ್ಲೋಟ್ ಇರುವ ಆಟೋ ಟಾಪ್ ಆಫ್ (ಇಳಿದಷ್ಟು ನೀರು ತಾನೇ ತುಂಬುವ ಯಂತ್ರ) ಹಾಕಿಸು. ಚಿಲ್ಲರಿಗಿಂತ ಮೊದಲು ಅದು.

ಲೈಟು ಮಧ್ಯಾಹ್ನ ಹಾಕಬೇಡ. ಸಂಜೆ ನಾಲ್ಕಕ್ಕೆ ಶುರು ಮಾಡಿ ರಾತ್ರಿ ಹನ್ನೆರಡಕ್ಕೆ ಆರಿಸು. ಹವಳಕ್ಕೆ ಗಡಿಯಾರ ಗೊತ್ತಿಲ್ಲ, ಎಂಟು ಗಂಟೆ ಸಿಕ್ಕರೆ ಆಯಿತು. ಮೇಲಿನ ಗಾಜಿನ ಮುಚ್ಚಳ ತೆಗೆದು ಬಲೆ ಹಾಕು.

ಕರೆಂಟು ಹೋದಾಗ ಏನು ಮಾಡುತ್ತೀ? ಶಕ್ತಿನಗರದಲ್ಲಿ 1,720 ಮೆಗಾವ್ಯಾಟಿನ ಸ್ಥಾವರ ಇಟ್ಟುಕೊಂಡೂ ನಾನು ಬ್ಯಾಟರಿ ಏರ್ ಪಂಪ್ ಖರೀದಿಸಿದವನು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಹರಿವು ನಿಂತರೆ ಮೀನು ಮೊದಲು ಹೋಗುತ್ತದೆ. ಇನ್ವರ್ಟರಿಗೆ ವೇವ್‌ಮೇಕರ್ ಮತ್ತು ಫ್ಯಾನ್ ಮಾತ್ರ ಕೊಡು, ಲೈಟು ಬೇಡ.

ಲ್ಯಾಬ್_ಮೇಷ್ಟ್ರು, ಏಪ್ರಿಲ್ 15, ಸಂಜೆ 6:30

26 ಡಿಗ್ರಿಗೆ ಇಳಿಸಲು ಒದ್ದಾಡಬೇಡಿ. 27, 28ರಲ್ಲಿ ಸ್ಥಿರವಾಗಿದ್ದರೆ ನಮ್ಮ ಬೇಸಿಗೆಗೆ ಅದೇ ದೊಡ್ಡದು. ದಿನಗಟ್ಟಲೆ 30ರ ಮೇಲೆ ನಿಂತರೆ ಮೈಯೊಳಗಿನ ಪಾಚಿ ಬಿಟ್ಟು ಹೋಗುತ್ತದೆ, ಹವಳ ಬಿಳಿಚುತ್ತದೆ. ಕಡಲಿನಲ್ಲೂ ಇದೇ ಕಥೆ. ಬೇಸಿಗೆಯ ಮಾಮೂಲು ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು. 1998ರಲ್ಲಿ ಹಾಗೆ ಲಕ್ಷದ್ವೀಪದ ಹವಳ ಬಹಳ ಹೋಯಿತು. ಬಿಳಿಚಿದ ತಕ್ಷಣ ಎಸೆಯಬೇಡಿ, ಅದಿನ್ನೂ ಸತ್ತಿರುವುದಿಲ್ಲ. ನೆರಳು ಮಾಡಿ, ತಣಿಸಿ, ಕಾಯಿರಿ.

ಕೋಟೆಗುಡ್ಡ, ಮೇ 21, ರಾತ್ರಿ 11:05

ಫ್ಯಾನ್ ಕಟ್ಟಿದ್ದೇನೆ. ಹೊರಗೆ 42, ಒಳಗೆ 28. ಕೂಲಿಂಗಿಗೆ ಅಂತ ನಾನೇ ಈಗ ಟ್ಯಾಂಕಿನ ಪಕ್ಕ ಮಲಗುತ್ತೇನೆ. ಜೋಯಾ 22 ಇದ್ದದ್ದು 29 ಆಗಿದೆ. ಒಂದು ಮಶ್ರೂಮ್ ಮಾತ್ರ ಕಾಣೆ. ಮುನಿರಾಬಾದ್ ಅಣ್ಣ ಹೇಳಿದ ಹಾಗೆ ಪಂಪಿನ ಬಾಯಲ್ಲಿ ಸಿಕ್ಕಿತು, ಮೂರು ಚೂರಾಗಿ. ಮೂರನ್ನೂ ಒಂದು ಲೋಟದಲ್ಲಿ ಕಲ್ಲಿನ ಚೂರು ಹಾಕಿ ಬಿಟ್ಟೆ. ಮೂರೂ ಕಚ್ಚಿಕೊಂಡಿವೆ! ಈಗ ಮೂರಿದ್ದದ್ದು ಐದು.

ಜಿಎಸ್‌ಪಿ ಒಂಟಿ ಕಲ್ಲು ತುಂಬಿ ಮರಳಿಗೆ ಇಳಿಯುತ್ತಿದೆ. ಯಾರಿಗಾದರೂ ಬೇಕಾ?

ಬಿಸಿಲೂರು_ರಾಯಚೂರು, ಮೇ 21, ರಾತ್ರಿ 11:12

ನನಗೆ ಒಂದು ಚೂರು ಇಡು. ನಾಳೆ ಬಳ್ಳಾರಿ ಬಸ್ಸಿನ ಕಂಡಕ್ಟರಿಗೆ ಹೇಳುತ್ತೇನೆ, ಸಿಂಧನೂರು ಮೇಲೆ ಬರುತ್ತದೆ.

ಕೋಟೆಗುಡ್ಡ, ಮೇ 21, ರಾತ್ರಿ 11:15

ಮಳೆ ಹಿಡಿಯಲಿ ಅಣ್ಣಾ. ಈ ಬಿಸಿಲಲ್ಲಿ ಕಳಿಸಿದರೆ ಡಬ್ಬಿ ತೆಗೆಯುವಾಗ ನಿಮಗೆ ಸಿಗುವುದು ಸಾರು.